ಪದ ಪರಿಚಯ: ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂ

ವಿಶ್ವವಿದ್ಯಾಲಯವೊಂದು ಪಾಠ ಮತ್ತು ಸಂಶೋಧನೆಗೆಂದು ಕಲಾಕೃತಿಗಳನ್ನು ಕೂಡಿಟ್ಟು, ಸಾರ್ವಜನಿಕರಿಗೂ ತೆರೆದಿಡುವ ಸಂಸ್ಥೆ ಇದು. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ 1683ರಲ್ಲಿ ಬಾಗಿಲು ತೆರೆಯಿತು. ಯೇಲ್‌ನ ಗ್ಯಾಲರಿ 1832ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಟ್ರಂಬುಲ್ ಅವರ ಚಿತ್ರಗಳಿಂದ ಶುರುವಾಯಿತು. ನಗರದ ದೊಡ್ಡ ಮ್ಯೂಸಿಯಂಗೂ ಇದಕ್ಕೂ ಇರುವ ವ್ಯತ್ಯಾಸ ಪ್ರದರ್ಶನದ ಗೋಡೆಯ ಮೇಲೆ ಅಷ್ಟಾಗಿ ಕಾಣದು. ಅದನ್ನು ನೋಡಬೇಕಾದರೆ ಅಧ್ಯಯನ ಕೊಠಡಿಗೆ ಹೋಗಬೇಕು.

ಅಧ್ಯಾಪಕರು ಮೊದಲೇ ಕೃತಿಗಳ ಪಟ್ಟಿ ಕೊಟ್ಟರೆ, ಸಿಬ್ಬಂದಿ ಅವುಗಳ ಸ್ಥಿತಿ ಪರೀಕ್ಷಿಸಿ ಉಗ್ರಾಣದಿಂದ ತಂದು ಮೇಜಿನ ಮೇಲೆ ಜೋಡಿಸುತ್ತಾರೆ. ಚೀಲ, ನೀರಿನ ಬಾಟಲಿ ಹೊರಗೆ. ಬರೆಯಲು ಪೆನ್ಸಿಲ್ ಮಾತ್ರ. ಮೇಜಿನ ಮೇಲೆ ಒಂದೇ ಡ್ರೈಪಾಯಿಂಟ್ ಚಿತ್ರದ (ಗೀರಿದ ತಗಡಿನಿಂದ ಕಾಗದಕ್ಕೆ ಒತ್ತಿದ ಅಚ್ಚು) ಎರಡು ಪ್ರತಿಗಳಿವೆ ಎನ್ನಿ. ತಾಮ್ರದ ತಗಡನ್ನು ಸೂಜಿಯಿಂದ ಗೀರಿದಾಗ ಅಂಚಿಗೆ ಏಳುವ ಲೋಹದ ಸಿಬಿರು ಶಾಯಿ ಹಿಡಿದುಕೊಂಡು ಗೆರೆಗೆ ಮಖಮಲ್ಲಿನಂಥ ಮೆದುತನ ಕೊಡುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಅದು ಬೇಗ ಸವೆಯುವುದರಿಂದ ಮೊದಲ ಪ್ರತಿಗಳ ಗೆರೆ ದಟ್ಟ, ನಂತರದವು ಬಡಕಲು. ಪರದೆಯ ಮೇಲಿನ ಸ್ಲೈಡಿನಲ್ಲಿ ಈ ಅಂತರ ಸುಲಭವಾಗಿ ಜಾರಿಹೋಗುತ್ತದೆ. ಪಕ್ಕಪಕ್ಕ ಇಟ್ಟು ನೋಡಿದರೆ ವಿದ್ಯಾರ್ಥಿಯೇ ಹೇಳುತ್ತಾನೆ.

ಇಂಥ ತರಗತಿ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು ಗಂಟೆಗೆ ಇಪ್ಪತ್ತು ಕೃತಿ ಕೇಳುವುದು ಮೊದಲನೆಯದು, ಐದಾರು ಸಾಕು. ಇನ್ನೊಂದು, ಬಂದ ಕೂಡಲೇ ಉಪನ್ಯಾಸ ಶುರುಮಾಡುವುದು. ಮೊದಲ ಹತ್ತು ನಿಮಿಷ ಮಾತಿಲ್ಲದೆ ನೋಡಲಿ, ಆಮೇಲೆ ‘ಇಲ್ಲಿ ಏನು ನಡೆಯುತ್ತಿದೆ? ಯಾವುದನ್ನು ನೋಡಿ ಹಾಗೆ ಹೇಳುತ್ತೀರಿ?’ ಎಂದು ಕೇಳಿ. ಕಲಾವಿಭಾಗದವರಿಗಷ್ಟೇ ಅಲ್ಲ ಈ ಅಭ್ಯಾಸ. ಯೇಲ್‌ನ ವೈದ್ಯ ವಿದ್ಯಾರ್ಥಿಗಳಿಗೆ ವರ್ಣಚಿತ್ರಗಳ ಮುಂದೆ ತರಬೇತಿ ಕೊಟ್ಟಾಗ ಅವರ ಗಮನಿಸುವ ಶಕ್ತಿ ಹೆಚ್ಚಿತೆಂದು 2001ರ ಅಧ್ಯಯನವೊಂದು ತೋರಿಸಿತು.

ಬೆಳಕಿನ ವಿಷಯದಲ್ಲಿ ಮಾತ್ರ ಉದಾರತೆ ಸಲ್ಲದು. ಕಾಗದ, ಬಟ್ಟೆಯ ಕೃತಿಗಳಿಗೆ ಸುಮಾರು 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200ರ ಆಸುಪಾಸು. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ. ಮತ್ತೆ ಕತ್ತಲಲ್ಲಿಟ್ಟರೆ ಹೋದ ಬಣ್ಣ ಮರಳದು. ಹಾರ್ವರ್ಡ್‌ಗೆ ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೊ ಕ್ಯಾನ್ವಾಸಿನ ಮೇಲೆ ಬರೆದುಕೊಟ್ಟ ಭಿತ್ತಿಚಿತ್ರಗಳು ಊಟದ ಸಭಾಂಗಣದ ಕಿಟಕಿ ಬಿಸಿಲಿಗೆ ಮಂಕಾಗಿ, 1979ರ ಹೊತ್ತಿಗೆ ಉಗ್ರಾಣ ಸೇರಿದವು. 2014ರಲ್ಲಿ ಅವನ್ನು ಮತ್ತೆ ಪ್ರದರ್ಶಿಸಿದಾಗ ಕ್ಯಾನ್ವಾಸಿಗೆ ಬಣ್ಣ ಹಚ್ಚಲಿಲ್ಲ. ಕಳೆದುಹೋದ ಬಣ್ಣವನ್ನು ಪ್ರೊಜೆಕ್ಟರಿನ ಬೆಳಕಿನಿಂದ ತುಂಬಿದರು. ಸಂರಕ್ಷಣೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಸಮುದಾಯದ ಮಾತಿಗೆ ಬಂದರೆ, ಉಚಿತ ಪ್ರವೇಶದ ಫಲಕ ಹಾಕಿದ ಮಾತ್ರಕ್ಕೆ ಊರಿನವರು ಒಳಗೆ ಬರುವುದಿಲ್ಲ. ಕ್ಯಾಂಪಸ್ಸಿನ ಗೇಟಿನಲ್ಲಿ ಗುರುತಿನ ಚೀಟಿ ಕೇಳಿದರೆ, ಭಾನುವಾರ ಬೀಗ ಬಿದ್ದಿದ್ದರೆ ಯಾರು ಬರುತ್ತಾರೆ? ಕೃತಿಗಳನ್ನೇ ಹೊರಗೆ ಕಳಿಸುವ ದಾರಿಯೂ ಇದೆ. ಅಮೆರಿಕದ ಓಬರ್ಲಿನ್ ಕಾಲೇಜು 1940ರಿಂದ ಅಸಲಿ ಕೃತಿಗಳನ್ನೇ ಒಂದು ಸೆಮಿಸ್ಟರ್ ಮಟ್ಟಿಗೆ ಸಣ್ಣ ಬಾಡಿಗೆಗೆ ಕೊಡುತ್ತಾ ಬಂದಿದೆ. ವಿದ್ಯಾರ್ಥಿಗಳು ಅವನ್ನು ಕೋಣೆಯಲ್ಲಿ ತೂಗುಹಾಕಿಕೊಳ್ಳುತ್ತಾರೆ.

ಹಣದ ಮುಗ್ಗಟ್ಟು ಬಂದಾಗ ಆಡಳಿತದ ಕಣ್ಣು ಮೊದಲು ಸಂಗ್ರಹದ ಮೇಲೆ ಬೀಳುವುದುಂಟು. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2009ರಲ್ಲಿ ತನ್ನ ರೋಸ್ ಮ್ಯೂಸಿಯಂ ಮುಚ್ಚಿ ಕೃತಿಗಳನ್ನು ಮಾರುವುದಾಗಿ ಸಾರಿತು. ಪ್ರತಿಭಟನೆ, ಮೊಕದ್ದಮೆ ಎಲ್ಲ ನಡೆದು 2011ರಲ್ಲಿ ರಾಜಿಯಾಯಿತು; ಮ್ಯೂಸಿಯಂ ಉಳಿಯಿತು. ಆದ್ದರಿಂದ ಸಂಸ್ಥೆ ಕೃತಿಯನ್ನು ಮಾರಬಹುದೇ, ಮಾರಿದರೆ ಆ ಹಣ ಯಾವುದಕ್ಕೆ ಸಲ್ಲಬೇಕು ಎಂಬುದನ್ನು ದಾನ ಕೊಡುವವರು ದಾನಪತ್ರದಲ್ಲೇ ಬರೆಸಿಕೊಳ್ಳುವುದು ಲೇಸು.