ಬಣ್ಣ ಬಳಿಯುವ ಮುಂಚೆ ಗೋಡೆಯೊಳಗೆ ಏನಾಗಿದೆ ಅಂತ ನೋಡಿ

ಹೊಸದಾಗಿ ಬಣ್ಣ ಬಳಿದ ಗೋಡೆ ವರ್ಷ ತುಂಬುವುದರೊಳಗೆ ಉಬ್ಬುತ್ತದೆ. ಚಕ್ಕೆ ಏಳುತ್ತದೆ. ಮುಚ್ಚಿದ್ದ ಬಿರುಕು ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡುತ್ತದೆ. ಆಗ ನಾವು ಬಣ್ಣವನ್ನು ಬೈಯುತ್ತೇವೆ. ಬಹಳಷ್ಟು ಸಲ ಬಣ್ಣದ ತಪ್ಪೇನೂ ಇರುವುದಿಲ್ಲ. ಒಣಗಿದ ಒಂದು ಕೋಟ್ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪ ಇರುವುದಿಲ್ಲ. ಗೋಡೆಯೊಳಗೆ ನೀರು ಓಡಾಡುತ್ತಿದ್ದರೆ, ಇಟ್ಟಿಗೆ ಮತ್ತು ಕಾಂಕ್ರೀಟ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತಿದ್ದರೆ, ಅಷ್ಟು ತೆಳುವಾದ ಪದರ ಅದನ್ನು ಹೇಗೆ ತಡೆದೀತು? ರಿಪೇರಿಯ ಮೊದಲ ಹೆಜ್ಜೆ ಹಾಳಾದದ್ದು ಯಾಕೆ ಅಂತ ತಿಳಿಯುವುದು. ಎರಡನೆಯದು, ಹಳೆ ಗೋಡೆಯ ಸ್ವಭಾವಕ್ಕೆ ಹೊಂದುವ ವಸ್ತುವನ್ನೇ ಹಚ್ಚುವುದು.

ತಟ್ಟಿ ನೋಡುವುದರಿಂದ ಶುರು ಮಾಡಿ. ಬೆರಳ ಗೆಣ್ಣು ಸಾಕು, ಕರಣೆಯ ಹಿಡಿಯೂ ಆಗುತ್ತದೆ. ಗಾರೆ ಇಟ್ಟಿಗೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಇಡೀ ಗೋಡೆಯ ತೂಕ ಅದರ ಹಿಂದಿರುತ್ತದೆ, ಸದ್ದು ಚಿಕ್ಕದಾಗಿ, ಗಟ್ಟಿಯಾಗಿ ಬರುತ್ತದೆ. ಬಿಟ್ಟುಕೊಂಡಿದ್ದರೆ ಗಾರೆಯ ಪದರ ತೆಳುವಾದ ಹಲಗೆಯ ಥರ ತಾನೇ ಬಾಗಿ ಕಂಪಿಸುತ್ತದೆ, ಸದ್ದು ಡಬಡಬ ಅನ್ನುತ್ತದೆ. ಆ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಟೊಳ್ಳು ಸದ್ದು ಬಂತು ಅಂತ ಎಲ್ಲವನ್ನೂ ಕೆಡವಬೇಕಿಲ್ಲ. ಅಂಗೈಯಿಂದ ಒತ್ತಿದಾಗ ಅಲುಗುವ ಗಾರೆಯನ್ನು ಮಾತ್ರ ತೆಗೆಯಿರಿ. ಅಲುಗದೆ ಸುಮ್ನೆ ಕೂತಿರುವುದು ಇನ್ನೂ ಎಷ್ಟೋ ವರ್ಷ ನಿಲ್ಲಬಹುದು.

ಈಗ ನೀರಿನ ವಿಷಯ. ಗೋಡೆಯ ಹೆಚ್ಚಿನ ರೋಗಗಳ ಮೂಲ ಇದೇ. ಇಟ್ಟಿಗೆ, ಗಾರೆ, ಕಲ್ಲು, ಎಲ್ಲದರಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ರಂಧ್ರ ಸಣ್ಣದಾದಷ್ಟೂ ನೀರು ಅದರೊಳಗೆ ಹೆಚ್ಚು ಎತ್ತರಕ್ಕೆ ತಾನಾಗಿಯೇ ಏರುತ್ತದೆ. ತೇವ ಕಾಣಿಸಿಕೊಂಡ ಜಾಗ ಅರ್ಧ ಕಥೆ ಹೇಳಿಬಿಡುತ್ತದೆ. ನೆಲದಿಂದ ಮೇಲಕ್ಕೆ ಪಟ್ಟಿಯಂತೆ ಹರಡಿದ್ದರೆ ಪಾಯದ ಕಡೆಯಿಂದ ಬರುತ್ತಿರಬಹುದು. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಮಚ್ಚೆಯಾಗಿದ್ದರೆ ಒಳಗಿನ ಪೈಪಿನ ಮೇಲೆ ಅನುಮಾನ ಪಡಿ. ಚಾವಣಿಯ ಹತ್ತಿರದ ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿದಿದ್ದರೆ ನೀರು ಹೊರಗಿನಿಂದ ಬಂದಿರಲೇಬೇಕು ಅಂತೇನಿಲ್ಲ. ಹೊರಗೆ ಚಳಿ ಇದ್ದಾಗ ಮೂಲೆ ಉಳಿದ ಗೋಡೆಗಿಂತ ತಣ್ಣಗಿರುತ್ತದೆ. ಕೋಣೆಯ ಗಾಳಿಯಲ್ಲಿರುವ ಆವಿ ಅಲ್ಲೇ ಹನಿಗಟ್ಟುತ್ತದೆ.

ಇದು ಒಳಗಿನ ತೇವವೋ, ಗಾಳಿಯ ತೇವವೋ? ಒಂದು ಸರಳ ಪರೀಕ್ಷೆ ಇದೆ. ಅಂಗೈಯ ಎರಡರಷ್ಟು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹಾಳೆಯ ಮೇಲೆ, ಕೋಣೆಯ ಕಡೆ ಹನಿ ಕಂಡರೆ ಬೇಕಾಗಿರುವುದು ಗಾರೆಯ ರಿಪೇರಿ ಅಲ್ಲ, ಗಾಳಿಯಾಡುವ ವ್ಯವಸ್ಥೆ.

ನೀರು ಒಂಟಿಯಾಗಿ ಬರುವುದಿಲ್ಲ, ಜೊತೆಗೆ ಉಪ್ಪನ್ನು ತರುತ್ತದೆ. ಮಣ್ಣಿನಲ್ಲಿರುವ, ಇಟ್ಟಿಗೆಯಲ್ಲೇ ಇರುವ ಸಲ್ಫೇಟ್, ನೈಟ್ರೇಟ್, ಕ್ಲೋರೈಡ್‌ಗಳು ನೀರಿನಲ್ಲಿ ಕರಗಿ ಹೊರಮೈಗೆ ಬರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹರಳಾಗಿ ಉಳಿಯುತ್ತದೆ. ಆ ಆವಿ ಎಲ್ಲಿ ಏಳುತ್ತದೆ ಅನ್ನುವುದರ ಮೇಲೆ ಗೋಡೆಯ ಹಣೆಬರಹ ನಿಂತಿದೆ. ಮೇಲ್ಮೈಯಲ್ಲಿ ಆದರೆ ಬಿಳಿ ನವಿರಾದ ಪುಡಿ ಮೂಡುತ್ತದೆ. ನೋಡಲು ಕೆಟ್ಟದಾಗಿದ್ದರೂ ಗೋಡೆಗೆ ಅಷ್ಟೇನೂ ಹಾನಿ ಇಲ್ಲ. ಮೇಲ್ಮೈಯನ್ನು ನೀರು ದಾಟದಂಥ ಬಣ್ಣದಿಂದ ಮುಚ್ಚಿಬಿಟ್ಟರೆ ಹರಳು ಆ ಪದರದ ಹಿಂದೆ, ಗಾರೆಯ ರಂಧ್ರದೊಳಗೆ ಬೆಳೆಯುತ್ತದೆ. ಸೋಡಿಯಂ ಸಲ್ಫೇಟನ್ನೇ ನೋಡಿ. ಒಣಗಿದ ಅದರ ಹರಳು ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡ ರೂಪಕ್ಕೆ ಬದಲಾದಾಗ ಸುಮಾರು ನಾಲ್ಕು ಪಟ್ಟು ಜಾಗ ಬೇಡುತ್ತದೆ. ಒದ್ದೆ ಆಗಿ ಒಣಗಿ, ಮತ್ತೆ ಒದ್ದೆ ಆಗಿ ಒಣಗಿ, ಹೀಗೆ ನಡೆದರೆ ಗಟ್ಟಿ ಕಲ್ಲೂ ಪುಡಿಯಾಗುತ್ತದೆ. ಗಾರೆ ಯಾವ ಲೆಕ್ಕ?

ಹಾಗಾಗಿ ತೇವದ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ನೀರಿನ ಮೂಲ ಹಾಗೇ ಉಳಿಯುತ್ತದೆ, ನೀರು ಬೇರೆ ದಾರಿ ಹುಡುಕಿಕೊಂಡು ಇನ್ನೂ ಮೇಲೆ ಏರುತ್ತದೆ. ಮೊದಲು ಮೂಲ ನಿಲ್ಲಿಸಿ, ಆಮೇಲೆ ಗೋಡೆ ಒಣಗಲು ಬಿಡಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ಹೊರಗೆ ಹಾಕಿ. ತೊಳೆದರೆ ಅದು ಕರಗಿ ವಾಪಸ್ ಒಳಗೇ ಹೋಗುತ್ತದೆ. ನೀರು ನಿಂತ ಮೇಲೂ ಮಳೆಗಾಲದಲ್ಲಿ ಮಚ್ಚೆ ಮತ್ತೆ ಒದ್ದೆಯಾಗುತ್ತಿದ್ದರೆ, ಗಾರೆಯಲ್ಲಿ ಸೇರಿದ ಉಪ್ಪು ಗಾಳಿಯ ತೇವವನ್ನು ಹೀರುತ್ತಿರಬಹುದು. ಆಗ ಆ ಗಾರೆಯನ್ನೇ ಕೆತ್ತಿ ತೆಗೆಯುವುದು ಒಳ್ಳೆಯದು.

ಇನ್ನು ಬಿರುಕುಗಳು. ಅದು ಇನ್ನೂ ಅಲುಗುತ್ತಿದೆಯೋ, ಸತ್ತ ಬಿರುಕೋ? ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಕೆಲವು ತಿಂಗಳ ನಂತರ ಗುರುತು ದಾಟಿದ್ದರೆ ಅದಕ್ಕೆ ಜೀವವಿದೆ. 5 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಇಟ್ಟಿಗೆಯ ಸಂದಿಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿದಿದ್ದರೆ, ಬಾಗಿಲು ಬಿಗಿಯಾಗತೊಡಗಿದ್ದರೆ, ಪುಟ್ಟಿ ಡಬ್ಬ ತೆರೆಯಬೇಡಿ, ಎಂಜಿನಿಯರನ್ನು ಕರೆಯಿರಿ.

ಕಿಟಕಿ ಬಾಗಿಲ ಮೂಲೆಯಿಂದಲೇ ಬಿರುಕು ಯಾಕೆ ಹೊರಡುತ್ತದೆ? ಚೂಪಾದ ಮೂಲೆಯಲ್ಲಿ ಎಳೆತ ಗುಡ್ಡೆಯಾಗುತ್ತದೆ. 1913ರಲ್ಲಿ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಲೋಹದ ಹಾಳೆಯಲ್ಲಿ ತೂತಿನ ತುದಿ ಚೂಪಾದಷ್ಟೂ ಅಲ್ಲಿನ ಒತ್ತಡ ಸುತ್ತಲಿನದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. 1921ರಲ್ಲಿ ಗ್ರಿಫಿತ್ ಎಂಬ ಇನ್ನೊಬ್ಬ ಬ್ರಿಟಿಷ್ ಎಂಜಿನಿಯರ್ ಅದನ್ನು ಬಿರುಕಿಗೇ ಅನ್ವಯಿಸಿದರು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವ ಜಾಗದ ನೇರ ಬಿರುಕಿಗೆ ಬೇರೆ ಕಾರಣವಿದೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಕಾಂಕ್ರೀಟ್ ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 10 ಭಾಗ ಹಿಗ್ಗುತ್ತದೆ, ಸುಟ್ಟ ಇಟ್ಟಿಗೆ ಸುಮಾರು 6 ಭಾಗ. 3 ಮೀಟರ್ ಎತ್ತರದ ಗೋಡೆಗೆ 20 ಡಿಗ್ರಿ ವ್ಯತ್ಯಾಸವಾದರೆ ಎರಡರ ನಡುವೆ ಕಾಲು ಮಿಲಿಮೀಟರಿನಷ್ಟು ಜಗ್ಗಾಟ. ಕೇಳಲು ಚಿಕ್ಕದು, ಆದರೆ ಬಗ್ಗಲು ಗೊತ್ತಿಲ್ಲದ ಗಾರೆಗೆ ಅಷ್ಟು ಸಾಕು.

ಕೆಲಸಗಾರರು ಕೂದಲೆಳೆಯಷ್ಟು ಬಿರುಕನ್ನು ಕೆರೆದು ಅಗಲ ಮಾಡುವುದು ನೋಡಿದರೆ ಮೊದಲಿಗೆ ಗಾಬರಿಯಾಗುತ್ತದೆ, ಅಲ್ವಾ? ಲೆಕ್ಕ ಹಾಕಿ. ಬಿರುಕು 0.2 ಮಿಲಿಮೀಟರ್ ಅಗಲ ಇದೆ, ಅದರ ಚಲನೆಯೂ 0.2 ಮಿಲಿಮೀಟರ್. ಒಳಗೆ ತುಂಬಿದ ವಸ್ತು ತನ್ನ ಅಗಲದ ಎರಡರಷ್ಟು ಹಿಗ್ಗಬೇಕು. ಅದು ಹರಿಯದೆ ಇರುವುದಿಲ್ಲ. ಅದೇ ಬಿರುಕನ್ನು 5 ಮಿಲಿಮೀಟರಿಗೆ ಕೆರೆದು, ಹಿಗ್ಗಬಲ್ಲ ಅಕ್ರಿಲಿಕ್ ಫಿಲ್ಲರ್ ತುಂಬಿದರೆ ಹಿಗ್ಗಬೇಕಾದದ್ದು ನೂರಕ್ಕೆ ನಾಲ್ಕು ಭಾಗ ಮಾತ್ರ. ಅದರ ಮೇಲೆ ಫೈಬರ್ ಮೆಶ್ ಟೇಪ್ ಅಂಟಿಸಿದರೆ ಎಳೆತ ಒಂದೇ ಗೆರೆಯಲ್ಲಿ ನಿಲ್ಲದೆ ಟೇಪಿನ ಅಗಲಕ್ಕೆಲ್ಲ ಹಂಚಿಕೆಯಾಗುತ್ತದೆ.

ದೊಡ್ಡ ಗುಂಡಿ ತುಂಬುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಗಟ್ಟಿ ವಸ್ತು ಹಾಕಿದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಹಳೆ ಸುಣ್ಣದ ಗಾರೆ ಮೆತ್ತಗಿರುತ್ತದೆ, ಆವಿಯನ್ನು ಹೊರಬಿಡುತ್ತದೆ. ಅದರ ಮಧ್ಯೆ ಸಿಮೆಂಟ್ ಜಾಸ್ತಿ ಇರುವ ಗಾರೆ ತುಂಬಿದರೆ, ಅದು ಒಣಗುತ್ತ ಕುಗ್ಗಿ ಸುತ್ತಲಿನ ಅಂಚನ್ನೇ ಕಿತ್ತುಕೊಂಡು ಬರುತ್ತದೆ. ತೇವವೂ ಆ ತೇಪೆಯ ಸುತ್ತ ಕಟ್ಟಿಕೊಳ್ಳುತ್ತದೆ. ತೇಪೆ ಗೋಡೆಗಿಂತ ಗಟ್ಟಿ ಇರಬಾರದು. ಸುಣ್ಣದ ಗೋಡೆಗೆ ಸುಣ್ಣದ ಗಾರೆ ಹಾಕಿ, ಸಿಮೆಂಟ್ ಗೋಡೆಗೆ ಹದವಾದ ಸಿಮೆಂಟ್ ಗಾರೆ. ಜಿಪ್ಸಂ ಬೇಗ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾಗುವಾಗ ಕುಗ್ಗುವ ಬದಲು ಚೂರು ಹಿಗ್ಗುತ್ತದೆ, ಒಣ ಗೋಡೆಯ ತೇಪೆಗೆ ಚೆನ್ನ. ಆದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂ ಜಿಪ್ಸಂ ಕರಗುತ್ತದೆ. ತೇವ ಇರುವಲ್ಲಿ ಬೇಡ. ಇನ್ನೊಂದು ಮಾತು: ಜಿಪ್ಸಂ ಪುಡಿಗೆ ನೀರು ಸೇರಿದಾಗ ಸೂಜಿಯಂಥ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಬಿಗಿಯಾಗತೊಡಗಿದ ಮೇಲೆ ನೀರು ಹಾಕಿ ಮತ್ತೆ ಕಲಸಿದರೆ ಆ ಹೆಣಿಗೆ ಮುರಿಯುತ್ತದೆ, ಮತ್ತೆ ಸೇರುವುದಿಲ್ಲ. ಆ ಮಿಶ್ರಣ ಎಸೆಯುವುದೇ ಸರಿ.

ಗುಂಡಿಯ ಧೂಳು ತೆಗೆದು, ಸಿಮೆಂಟ್ ಅಥವಾ ಸುಣ್ಣದ ಗಾರೆ ಹಾಕುವ ಮುಂಚೆ ಅಂಚುಗಳನ್ನು ನೀರಿನಿಂದ ನೆನೆಸಿ. ಒಣ ಇಟ್ಟಿಗೆ ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ದಿನಗಟ್ಟಲೆ ರಾಸಾಯನಿಕ ಕ್ರಿಯೆ ನಡೆಸಿ. ನೀರು ಸಾಲದಿದ್ದರೆ ಅದು ಉಗುರಿನಿಂದ ಕೆರೆದರೂ ಉದುರುತ್ತದೆ. ಆಳದ ಗುಂಡಿಯನ್ನು ಎರಡು ಮೂರು ಪದರದಲ್ಲಿ ತುಂಬಿ.

ಆಮೇಲೆ ಪುಟ್ಟಿ, ತೆಳುವಾಗಿ. ಒಣಗಿದ ಮೇಲೆ ಸ್ಯಾಂಡ್ ಪೇಪರ್. ಗೋಡೆಗೆ ಒರಗಿಸಿ ಟಾರ್ಚ್ ಬೆಳಕು ಬಿಟ್ಟರೆ ಸಣ್ಣ ಉಬ್ಬು ತಗ್ಗಿಗೂ ಉದ್ದ ನೆರಳು ಬಿದ್ದು ತಿಳಿಯುತ್ತದೆ. ಮಾಸ್ಕ್ ಹಾಕಿಕೊಳ್ಳದೆ ಉಜ್ಜಬೇಡಿ. ಹಳೆ ಮನೆಯ ಹಳೆ ಬಣ್ಣವಾದರೆ ಇನ್ನೂ ಎಚ್ಚರ ಬೇಕು, ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣವನ್ನು ನಿಷೇಧಿಸಿದ್ದೇ 1978ರಲ್ಲಿ. ಮಕ್ಕಳ ಮೆದುಳಿಗೆ ಸೀಸದ ಸುರಕ್ಷಿತ ಮಟ್ಟ ಅನ್ನುವುದೇ ಇಲ್ಲ. ಅಂಥ ಬಣ್ಣವನ್ನು ಒಣದಾಗಿ ಉಜ್ಜಲೇಬೇಡಿ. ಒದ್ದೆ ಮಾಡಿಕೊಂಡು ಕೆರೆಯಿರಿ, ಮಕ್ಕಳು, ಗರ್ಭಿಣಿಯರು ಆ ಕೋಣೆಗೆ ಬರದಂತೆ ನೋಡಿಕೊಳ್ಳಿ.

ಕೊನೆಯದಾಗಿ ಕಾಯುವ ಕೆಲಸ. ಹೊಸ ಸಿಮೆಂಟ್ ಮತ್ತು ಸುಣ್ಣದ ಗಾರೆ ತೀವ್ರ ಕ್ಷಾರ. ಎಣ್ಣೆ ಆಧಾರದ ಬಣ್ಣವನ್ನು ಅದರ ಮೇಲೆ ಬೇಗ ಹಚ್ಚಿದರೆ ಎಣ್ಣೆ ಸೋಪಾಗಿ ಬದಲಾಗುತ್ತದೆ, ಬಣ್ಣ ಅಂಟಂಟಾಗಿ ಸುಲಿದು ಬರುತ್ತದೆ. ಸಿಮೆಂಟ್ ತೇಪೆಗೆ ಕನಿಷ್ಠ ನಾಲ್ಕು ವಾರ ಕೊಡಿ, ನಂತರ ಕ್ಷಾರ ತಡೆಯುವ ಪ್ರೈಮರ್ ಹಚ್ಚಿ. ತೇಪೆ ಹಳೆ ಗೋಡೆಗಿಂತ ಜಾಸ್ತಿ ಹೀರುವುದರಿಂದ, ಪ್ರೈಮರ್ ಬಿಟ್ಟರೆ ಎಷ್ಟು ಕೋಟ್ ಬಳಿದರೂ ಆ ಜಾಗ ಮಂಕಾಗಿ ಕಾಣುತ್ತದೆ. ಹಳೆ ನೀರಿನ ಕಂದು ಕಲೆ ಇದ್ದರೆ ಅದಕ್ಕೆ ಕಲೆ ತಡೆಯುವ ಸೀಲರ್ ಮೊದಲು ಹಚ್ಚಿ. ಸಾಮಾನ್ಯ ನೀರಿನ ಬಣ್ಣ ಆ ಕಲೆಯನ್ನು ಕರಗಿಸಿ ತನ್ನ ಜೊತೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಎರಡನೇ ಕೋಟಿನಲ್ಲೂ ಅದು ಇಣುಕುತ್ತದೆ.