ಪದ ಪರಿಚಯ: ನಾಯಿಮರಿಯ ‘ದೀರ್ಘಕಾಲಿಕ ಭೇದಿ’

ಪಶುವೈದ್ಯರು ಚೀಟಿಯ ಮೇಲೆ ‘ದೀರ್ಘಕಾಲಿಕ ಭೇದಿ’ ಎಂದು ಬರೆದರೆ, ಮರಿಗೆ ಬಂದಿರುವ ಕಾಯಿಲೆ ಯಾವುದೆಂದು ತಿಳಿದುಹೋಯಿತು ಎಂದು ಹಲವರು ನೆಮ್ಮದಿಪಡುತ್ತಾರೆ. ವಾಸ್ತವದಲ್ಲಿ ಅದು ಕಾಯಿಲೆಯ ಹೆಸರಲ್ಲ. ಮರಿಯ ಮಲ ತೆಳ್ಳಗಾಗಲು ಶುರುವಾಗಿ ಮೂರು ವಾರ ದಾಟಿದೆ, ಅಥವಾ ಎರಡು ದಿನ ಸರಿಹೋಗಿ ಮತ್ತೆ ಕೆಡುವುದು ಅಷ್ಟು ಕಾಲದಿಂದ ನಡೆದೇ ಇದೆ ಎಂಬುದಷ್ಟೇ ಅದರ ಅರ್ಥ. ಗಡಿಯನ್ನು ಮೂರು ವಾರಕ್ಕೆ ಹಾಕಿರುವುದಕ್ಕೂ ಕಾರಣವಿದೆ. ಕಸದಲ್ಲಿ ಸಿಕ್ಕಿದ್ದನ್ನು ತಿಂದದ್ದರಿಂದಲೋ ಊಟವನ್ನು ಒಮ್ಮೆಲೇ ಬದಲಿಸಿದ್ದರಿಂದಲೋ ಬರುವ ಭೇದಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಮೂರು ವಾರ ಕಳೆದರೂ ನಿಲ್ಲದಿದ್ದರೆ, ಮರಿಯ ಮೈ ತಾನೊಂದೇ ನೀಗಿಕೊಳ್ಳಲಾರದ ಕಾರಣವೊಂದು ಒಳಗೆ ಉಳಿದಿದೆ ಎಂದು ವೈದ್ಯರು ಎಣಿಸುತ್ತಾರೆ. ಕಾರಣದ ಹುಡುಕಾಟ ಅಲ್ಲಿಂದ ಮೊದಲಾಗಬೇಕು.

ಬೆಳೆದ ನಾಯಿಗೂ ಮರಿಗೂ ಈ ಮೂರು ವಾರದ ತೂಕ ಒಂದೇ ಅಲ್ಲ. ಒಂಬತ್ತು ವಾರದ ಮರಿಗೆ ಮೂರು ವಾರವೆಂದರೆ ಅದು ಕಂಡ ಆಯುಷ್ಯದ ಮೂರರಲ್ಲೊಂದು ಭಾಗ. ಮೂಳೆ, ಸ್ನಾಯು, ರೋಗನಿರೋಧಕ ಶಕ್ತಿ ಎಲ್ಲವೂ ಆ ದಿನಗಳಲ್ಲೇ ಕಟ್ಟಿಕೊಳ್ಳುತ್ತಿರುತ್ತವೆ. ಹಾಗಾಗಿ ಮೂರು ವಾರ ತುಂಬಲಿ ಎಂದು ಕಾಯುವುದು ಮರಿಯ ವಿಷಯದಲ್ಲಿ ಸಲ್ಲದು. ಮರಿ ಮಂಕಾಗಿ ಮಲಗಿದರೆ, ಊಟ ಬಿಟ್ಟರೆ, ವಾಂತಿಯೂ ಜೊತೆಗೂಡಿದರೆ, ಮಲದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಅದು ಪಾರ್ವೋ ಆಗಿರಬಹುದು. 1978ರ ಸುಮಾರಿಗೆ ಜಗತ್ತಿನ ನಾನಾ ಕಡೆ ಒಮ್ಮೆಗೇ ಕಾಣಿಸಿಕೊಂಡ ಈ ವೈರಸ್ ಲಸಿಕೆ ಪೂರ್ತಿಯಾಗದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಪಾರ್ವೋ ದೀರ್ಘಕಾಲಿಕ ಭೇದಿಯಲ್ಲ, ತುರ್ತು ಪರಿಸ್ಥಿತಿ. ಎರಡನ್ನೂ ‘ಹೊಟ್ಟೆ ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ನಮ್ಮ ಅಭ್ಯಾಸ ಎಷ್ಟೋ ಮರಿಗಳಿಗೆ ಮುಳುವಾಗಿದೆ.

ಕನ್ನಡದಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಭೇದಿ, ಅತಿಸಾರ, ಆಮಶಂಕೆ, ಗ್ರಹಣಿ ಎಂಬ ಮಾತುಗಳನ್ನು ಮನುಷ್ಯರ ಕಾಯಿಲೆಗೆ ಹಿಂದಿನಿಂದಲೂ ಬಳಸಿದ್ದೇವೆ, ಮತ್ತು ಅವುಗಳ ನಡುವಿನ ವ್ಯತ್ಯಾಸ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಅತಿಸಾರವೆಂದರೆ ಮಿತಿಮೀರಿ ಹರಿದುಹೋಗುವುದು. ಆಮಶಂಕೆಯಲ್ಲಿ ಹೋಗುವುದು ಸ್ವಲ್ಪವೇ ಆದರೂ ಮತ್ತೆ ಮತ್ತೆ ಹೋಗಬೇಕೆನಿಸುತ್ತದೆ, ಲೋಳೆ ಬೀಳುತ್ತದೆ, ತಿಣುಕಾಟ ಇರುತ್ತದೆ. ಗ್ರಹಣಿ ಎಂಬುದು ‘ಹಿಡಿದಿಟ್ಟುಕೊಳ್ಳು’ ಎಂಬ ಅರ್ಥದ ಧಾತುವಿನಿಂದ ಬಂದ ಆಯುರ್ವೇದದ ಪದ; ಅನ್ನವನ್ನು ಪಚನವಾಗುವವರೆಗೆ ಹಿಡಿದಿಡುವ ಭಾಗಕ್ಕೆ ಆ ಹೆಸರು, ಆ ಹಿಡಿತ ಸಡಿಲವಾಗಿ ಒಂದು ದಿನ ಗಟ್ಟಿ, ಒಂದು ದಿನ ನೀರು ಎಂಬಂತಾಗುವ ರೋಗಕ್ಕೂ ಅದೇ ಹೆಸರು. ಆಯುರ್ವೇದದ ಚಿಕಿತ್ಸೆಯನ್ನು ನಾಯಿಮರಿಗೆ ಮಾಡಿರೆಂದು ಇದರ ಅರ್ಥವಲ್ಲ. ಆದರೆ ‘ಒಂದು ದಿನ ಸರಿಯಿದ್ದ ಮಾತ್ರಕ್ಕೆ ರೋಗ ಹೋಗಿಲ್ಲ’ ಎಂಬ ತಿಳಿವಳಿಕೆ ಆ ಹಳೆಯ ಪದದೊಳಗೇ ಇದೆ, ಮತ್ತು ಮರಿ ಸಾಕುವವರು ಹೆಚ್ಚಾಗಿ ತಪ್ಪುವುದು ಇದೇ ಜಾಗದಲ್ಲಿ.

ನಾನೂ ಹಾಗೆಯೇ ತಪ್ಪಿದ್ದೆ. ಏಳು ವಾರದ ಬೀದಿನಾಯಿ ಮರಿಯೊಂದನ್ನು ಮನೆಗೆ ತಂದು ಚುಕ್ಕಿ ಎಂದು ಹೆಸರಿಟ್ಟಿದ್ದೆವು. ಹಾಸಿದ ಹಳೆಯ ಪತ್ರಿಕೆಯ ಮೇಲೆ ಅದರ ಬೆಳಗಿನ ಮಲ ಗಟ್ಟಿಯಾಗಿಯೇ ಬೀಳುತ್ತಿದ್ದುದರಿಂದ ಎಲ್ಲವೂ ಸರಿಯಿದೆ ಎಂದುಕೊಂಡಿದ್ದೆ. ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, “ಕೊನೆಗೆ ಬೀಳೋದು ಹೇಗಿರುತ್ತೆ, ನೋಡಿದ್ದೀರಾ?” ಎಂಬುದಾಗಿತ್ತು. ಮರುದಿನ ಬಾಗಿ ನೋಡಿದಾಗ, ಮೊದಲ ಎರಡು ತುಂಡು ಗಟ್ಟಿಯಾಗಿದ್ದವು, ಮೂರನೆಯದು ಮೆತ್ತಗೆ ಹರಡಿತ್ತು, ಅದರ ತುದಿಯಲ್ಲಿ ಬೇಯಿಸಿದ ಸಬ್ಬಕ್ಕಿಯ ಹಾಗೆ ಹೊಳೆಯುವ ಲೋಳೆಯಿತ್ತು. ಚುಕ್ಕಿ ಆಮೇಲೂ ಎರಡು ನಿಮಿಷ ಬೆನ್ನು ಬಾಗಿಸಿ ತಿಣುಕಿ, ಏನೂ ಬಾರದೆ ಎದ್ದುಹೋಯಿತು. ಅಂದಿನಿಂದ ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ಹೊತ್ತು, ಎಷ್ಟು ಸಲ, ಹೇಗಿತ್ತು, ಏನು ತಿಂದಿತ್ತು ಎಂದು ಬರೆದಿಟ್ಟೆ. ಎರಡು ವಾರದ ಆ ಬರಹ ವೈದ್ಯರಿಗೆ ನನ್ನ ನೆನಪಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಅವರು ಹಾಗೆ ಕೇಳಲು ಕಾರಣ, ಕೆಟ್ಟಿರುವುದು ಸಣ್ಣಕರುಳೋ ದೊಡ್ಡಕರುಳೋ ಎಂಬುದನ್ನು ಬಹುಪಾಲು ಮಲವನ್ನು ನೋಡಿಯೇ ಊಹಿಸಬಹುದು. ಸಣ್ಣಕರುಳಿನ ತೊಂದರೆಯಲ್ಲಿ ಮರಿ ದಿನಕ್ಕೆ ಕೆಲವೇ ಸಲ, ಆದರೆ ಪ್ರತಿ ಸಲವೂ ರಾಶಿಯಾಗಿ ಹೋಗುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ತೂಕ ಏರುವುದಿಲ್ಲ, ರಕ್ತ ಸೇರಿದ್ದರೆ ಮಲ ಡಾಂಬರಿನಂತೆ ಕಪ್ಪಾಗಿರುತ್ತದೆ. ದೊಡ್ಡಕರುಳಿನ ತೊಂದರೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ, ಅವಸರವಾಗಿ, ತಿಣುಕುತ್ತಾ ಹೋಗುತ್ತದೆ. ಲೋಳೆಯೂ ಕೆಂಪು ರಕ್ತದ ಗೆರೆಯೂ ಕಾಣಬಹುದು, ತೂಕ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ತೂಕದ ಬಗ್ಗೆ ಇನ್ನೊಂದು ಮಾತು: ಮುಧೋಳದ ಬೇಟೆನಾಯಿಯಂಥ ತಳಿಗಳ ಮೈಕಟ್ಟೇ ತೆಳು, ಪಕ್ಕೆಲುಬು ಎದ್ದು ಕಾಣುವುದು ಅವುಗಳಿಗೆ ಸಹಜ. ಅಂಥ ಮರಿ ಸೊರಗುತ್ತಿದೆಯೇ ಇಲ್ಲವೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು, ವಾರಕ್ಕೊಮ್ಮೆ ತಕ್ಕಡಿಯ ಮೇಲೆ ಇಡಲೇಬೇಕು.

ಎಳೆಯ ಮರಿಯಲ್ಲಿ ಮೊದಲು ಹುಡುಕಬೇಕಾದ ಕಾರಣ ಹೊಟ್ಟೆಹುಳು. ದುಂಡುಹುಳುವಿನ ಮರಿಹುಳುಗಳು ತಾಯಿಯ ಗರ್ಭದಲ್ಲೇ ಮರಿಯನ್ನು ಸೇರುತ್ತವೆ, ಕೊಕ್ಕೆಹುಳು ತಾಯಿಯ ಹಾಲಿನ ಮೂಲಕ ಬರುತ್ತದೆ. ಆದ್ದರಿಂದ ಮನೆಯೊಳಗೇ ಹುಟ್ಟಿ, ಹೊರಗಿನ ನೆಲವನ್ನೇ ಮುಟ್ಟದ ಮರಿಗೂ ಹುಳು ಇರಬಲ್ಲದು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಮರಿಯ ಒಸಡು ಬಿಳಿಚಿಕೊಳ್ಳುತ್ತದೆ. ಜಂತುಹುಳುವಿನ ಔಷಧವನ್ನು ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಬೇಕೆನ್ನುವುದು ಇದೇ ಕಾರಣಕ್ಕೆ. ಒಮ್ಮೆ ಕೊಟ್ಟ ಔಷಧ ಕರುಳಿನಲ್ಲಿರುವ ಹುಳುವನ್ನು ಕೊಂದರೂ, ಮೈಯೊಳಗೆ ಇನ್ನೂ ಸಂಚರಿಸುತ್ತಿರುವ ಮರಿಹುಳುಗಳು ಆಮೇಲೆ ಕರುಳಿಗೆ ಬಂದು ಬೆಳೆಯುತ್ತವೆ. ಈ ಎರಡೂ ಹುಳುಗಳು ಮನುಷ್ಯರಿಗೂ, ಅದರಲ್ಲೂ ಮಣ್ಣಿನಲ್ಲಿ ಆಡುವ ಮಕ್ಕಳಿಗೆ, ತೊಂದರೆ ಕೊಡಬಲ್ಲವು ಎಂಬುದನ್ನೂ ಮರೆಯಬಾರದು.

ಹುಳುವಿನ ಔಷಧ ಸರಿಯಾಗಿ ಕೊಟ್ಟ ಮೇಲೂ ಭೇದಿ ಮುಂದುವರಿದರೆ ಎರಡು ಸೂಕ್ಷ್ಮಜೀವಿಗಳ ಮೇಲೆ ಅನುಮಾನ ಹೋಗುತ್ತದೆ. ಒಂದು ಕಾಕ್ಸಿಡಿಯಾ; ಸಾಮಾನ್ಯ ಜಂತುಹುಳುವಿನ ಮಾತ್ರೆ ಇದಕ್ಕೆ ನಾಟುವುದೇ ಇಲ್ಲ, ಬೇರೆಯದೇ ಔಷಧ ಬೇಕು. ಇನ್ನೊಂದು ಜಿಯಾರ್ಡಿಯಾ, ಚುಕ್ಕಿಯ ಹೊಟ್ಟೆಯಲ್ಲಿ ಇದ್ದದ್ದು ಇದೇ. ಜಿಯಾರ್ಡಿಯಾದ ಕೋಶಗಳು ಮಲದಲ್ಲಿ ದಿನವೂ ಬೀಳುವುದಿಲ್ಲ, ಬಿಟ್ಟು ಬಿಟ್ಟು ಬೀಳುತ್ತವೆ. ಒಂದೇ ದಿನದ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ‘ಏನೂ ಇಲ್ಲ’ ಎಂದು ವರದಿ ಬಂದರೆ, ಆ ದಿನದ ಮಲದಲ್ಲಿ ಕಾಣಲಿಲ್ಲ ಎಂದಷ್ಟೇ ಅದರಿಂದ ತಿಳಿಯಬೇಕು. ಕೆಲವು ದಿನಗಳ ಅಂತರದಲ್ಲಿ ಮೂರು ಸಲ ಮಲ ಪರೀಕ್ಷಿಸಬೇಕು ಎನ್ನುವುದು ಅದಕ್ಕಾಗಿಯೇ. ಚುಕ್ಕಿಯ ವಿಷಯದಲ್ಲಿ ಮೊದಲೆರಡು ವರದಿಗಳಲ್ಲಿ ಕಾಣದ್ದು ಮೂರನೆಯದರಲ್ಲಿ ಕಂಡಿತು. ಮಾದರಿ ಅದೇ ದಿನದ್ದಾಗಿರಬೇಕು, ಮಣ್ಣು ಹತ್ತಿರಬಾರದು, ಒಂದು ಚಮಚದಷ್ಟನ್ನು ಶುಚಿಯಾದ ಡಬ್ಬಿಯಲ್ಲಿ ಮುಚ್ಚಿ ಕೆಲವು ಗಂಟೆಗಳೊಳಗೆ ತಲುಪಿಸಬೇಕು. ಔಷಧದ ಜೊತೆಗೆ ಶುಚಿತ್ವವೂ ಅಷ್ಟೇ ಮುಖ್ಯ. ಕೋಶಗಳು ಮರಿಯ ಹಿಂಭಾಗದ ಕೂದಲಿಗೆ ಅಂಟಿಕೊಂಡಿದ್ದು, ಮರಿ ನೆಕ್ಕಿಕೊಂಡಾಗ ಮತ್ತೆ ಹೊಟ್ಟೆ ಸೇರುತ್ತವೆ. ಆದ್ದರಿಂದ ಚಿಕಿತ್ಸೆಯ ಕೊನೆಯ ದಿನ ಸ್ನಾನ ಮಾಡಿಸಬೇಕು, ಹಾಸಿಗೆಬಟ್ಟೆಯನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ತೇವದಲ್ಲಿ ಬಹುಕಾಲ ಬದುಕುವ ಜಿಯಾರ್ಡಿಯಾ ಒಣಬಿಸಿಲಿನಲ್ಲಿ ಸಾಯುತ್ತದೆ.

ಇನ್ನು ಊಟ. ನಮ್ಮಲ್ಲಿ ಮರಿ ಮನೆಗೆ ಬಂದ ಕೂಡಲೇ ತಟ್ಟೆಯಲ್ಲಿ ಹಾಲು ಸುರಿದು ಬಿಸ್ಕತ್ತು ಅದ್ದಿಡುವುದು ವಾತ್ಸಲ್ಯದ ಮೊದಲ ಕೆಲಸ, ಮತ್ತು ಭೇದಿಯ ಬೇರು ಬಹಳ ಸಲ ಆ ತಟ್ಟೆಯಲ್ಲೇ ಇರುತ್ತದೆ. ನಾಯಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 9ರಷ್ಟು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಶೇ. 3ರಿಂದ 4ರಷ್ಟು ಇರುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಅದರ ಅರ್ಧಕ್ಕಿಂತ ಕಡಿಮೆ, ಲ್ಯಾಕ್ಟೋಸ್ ಶೇ. 5ರ ಹತ್ತಿರ. ಅಂದರೆ ಅಷ್ಟೇ ಶಕ್ತಿಯನ್ನು ಹಸುವಿನ ಹಾಲಿನಿಂದ ಪಡೆಯಬೇಕಾದರೆ ಮರಿಯ ಹೊಟ್ಟೆಗೆ ಸುಮಾರು ಮೂರು ಪಟ್ಟು ಲ್ಯಾಕ್ಟೋಸ್ ಬೀಳುತ್ತದೆ. ಅದನ್ನು ಒಡೆಯುವ ಕಿಣ್ವವಾದರೋ ಮೊಲೆ ಬಿಟ್ಟ ಮರಿಯಲ್ಲಿ ದಿನೇದಿನೇ ಕಡಿಮೆಯಾಗುತ್ತಿರುತ್ತದೆ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ, ದೊಡ್ಡಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ವಾಯು ಮಾಡುತ್ತವೆ. ಹೊಟ್ಟೆ ಗುಡುಗುಡು ಎನ್ನುವುದೂ ಮಲ ನೊರೆನೊರೆಯಾಗಿ ಬೀಳುವುದೂ ಇದರಿಂದ. “ಹಾಲು ಬಿಡಿಸಬೇಡಪ್ಪಾ, ಪಾಪ, ತಾಯಿ ಬಿಟ್ಟ ಕೂಸು” ಎಂದು ಪಕ್ಕದ ಮನೆಯ ಅಜ್ಜಿ ಹೇಳಿದ್ದರಲ್ಲಿ ಇದ್ದ ಕರುಣೆಯನ್ನು ನಾನು ಗೌರವಿಸುತ್ತೇನೆ, ಆದರೂ ಹಾಲನ್ನು ನಿಲ್ಲಿಸಲೇಬೇಕಾಯಿತು. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾ ಮೊದಲೇ ತಿಂದಿರುವುದರಿಂದ ಅದು ಕೆಲವು ಮರಿಗಳಿಗೆ ಒಗ್ಗುತ್ತದೆ, ಎಲ್ಲಕ್ಕೂ ಅಲ್ಲ.

ಹಾಲು ನಿಲ್ಲಿಸಿದರೂ ಸರಿಹೋಗದ ಮರಿಗಳಲ್ಲಿ ‘ಆಹಾರಕ್ಕೆ ಸ್ಪಂದಿಸುವ ಕರುಳುರೋಗ’ ಎಂಬ ಇನ್ನೊಂದು ಪದ ಎದುರಾಗುತ್ತದೆ. ನಿರ್ದಿಷ್ಟ ಪ್ರೋಟೀನೊಂದಕ್ಕೆ ಕರುಳು ಕೆರಳುವ ಸ್ಥಿತಿ ಇದು, ಮತ್ತು ಎಳೆಯ ನಾಯಿಗಳ ದೀರ್ಘಕಾಲಿಕ ಭೇದಿಯಲ್ಲಿ ಇದರ ಪಾಲು ದೊಡ್ಡದು. ಮರಿ ಇದುವರೆಗೆ ತಿಂದಿರದ ಒಂದೇ ಮಾಂಸವನ್ನು, ಇಲ್ಲವೇ ಪ್ರೋಟೀನನ್ನು ಮೊದಲೇ ಚೂರಾಗಿ ಒಡೆದು ತಯಾರಿಸಿದ ಆಹಾರವನ್ನು ಮಾತ್ರ ಕೊಟ್ಟು ನೋಡುವುದೇ ಇದರ ಪರೀಕ್ಷೆ. ಗುಣ ಕಾಣುವುದಿದ್ದರೆ ಹೆಚ್ಚಾಗಿ ಎರಡು ವಾರದ ಆಸುಪಾಸಿನಲ್ಲಿ ಕಾಣುತ್ತದೆ. ಆ ದಿನಗಳಲ್ಲಿ ಮನೆಯವರೊಬ್ಬರು ಪ್ರೀತಿಯಿಂದ ಹಾಕಿದ ಒಂದು ಬಿಸ್ಕತ್ತು ಇಡೀ ಪರೀಕ್ಷೆಯನ್ನು ಕೆಡಿಸಬಲ್ಲದು. ಬೇಯಿಸಿದ ಕೋಳಿ ಮತ್ತು ಅನ್ನವನ್ನು ಹೊಟ್ಟೆಗೆ ಹಗುರವೆಂದು ವೈದ್ಯರು ಹೇಳುವುದು ಕೆಲವು ದಿನಗಳ ಮಟ್ಟಿಗೆ. ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಿರುವುದರಿಂದ ತಿಂಗಳುಗಟ್ಟಲೆ ಅದನ್ನೇ ಕೊಟ್ಟರೆ ಬೆಳೆಯುವ ಮರಿಯ ಮೂಳೆ ಟೊಳ್ಳಾಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬುದು ನಿಜವಾದರೂ, ಮರಿಯ ಸಣ್ಣ ಹೊಟ್ಟೆಗೆ ಹಿಡಿಯುವಷ್ಟು ಅಂಬಲಿಯಿಂದ ಅದರ ಕೊರತೆ ತುಂಬುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವ ಕಾರಣಗಳು ಅಪರೂಪದವು. ಜರ್ಮನ್ ಶೆಫರ್ಡ್ ನಾಯಿಗಳಲ್ಲಿ, ಸಾಮಾನ್ಯವಾಗಿ ಎಳೆಯ ಪ್ರಾಯದಲ್ಲೇ, ಮೇದೋಜೀರಕ ಗ್ರಂಥಿ ಸೊರಗಿ ಜೀರ್ಣರಸ ನಿಂತುಹೋಗುವುದುಂಟು: ನಾಯಿ ಹಸಿದು ಹಸಿದು ತಿನ್ನುತ್ತದೆ, ಆದರೂ ಬಡಕಲಾಗುತ್ತದೆ, ಮಲ ಮಾಸಲು ಬಣ್ಣದಲ್ಲಿ ಜಿಡ್ಡುಜಿಡ್ಡಾಗಿ ರಾಶಿ ಬೀಳುತ್ತದೆ. ಒಂದು ರಕ್ತಪರೀಕ್ಷೆಯಿಂದ ಇದನ್ನು ಖಚಿತಪಡಿಸಿಕೊಂಡು, ಪ್ರತಿ ಊಟಕ್ಕೂ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ನಾಯಿ ಚೆನ್ನಾಗಿಯೇ ಬಾಳುತ್ತದೆ. ಒಡಹುಟ್ಟಿದವುಗಳಿಗಿಂತ ಕುಳ್ಳಾಗಿ ಉಳಿದು, ಉಂಡ ಮೇಲೆ ಮಂಕು ಕವಿಯುವ ಮರಿಯಲ್ಲಿ ಯಕೃತ್ತಿನ ರಕ್ತನಾಳದ ಹುಟ್ಟುದೋಷವನ್ನು ಶಂಕಿಸುತ್ತಾರೆ.

ಚಿಕಿತ್ಸೆಯ ವಿಷಯದಲ್ಲಿ ನನ್ನ ಕಳವಳ ಒಂದೇ. ಭೇದಿ ಎಂದೊಡನೆ ಮೆಡಿಕಲ್ ಶಾಪಿನಿಂದ ಮೆಟ್ರೋನಿಡಝೋಲ್ ತಂದು ಐದು ದಿನ ಕೊಡುವ ರೂಢಿ ಬಹಳ ಕಡೆ ಇದೆ. ಮಲ ಕೆಲವು ದಿನ ಗಟ್ಟಿಯಾಗುವುದೂ ನಿಜ. ಆದರೆ ಆ ಔಷಧ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೆಡಿಸುತ್ತದೆ, ಅವು ಮತ್ತೆ ನೆಲೆಗೊಳ್ಳಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಭೇದಿ ಮರಳಿರುತ್ತದೆ, ಇನ್ನೊಂದು ಸುತ್ತು ಮಾತ್ರೆ ಶುರುವಾಗಿರುತ್ತದೆ. ಮನುಷ್ಯರ ಭೇದಿ ನಿಲ್ಲಿಸುವ ಲೋಪೆರಮೈಡ್ ಇನ್ನೂ ಅಪಾಯದ್ದು: ಸೋಂಕು ಹೊರಗೆ ಹೋಗದಂತೆ ಕರುಳನ್ನು ಕಟ್ಟಿಹಾಕುತ್ತದೆ, ಕೋಲಿ ಜಾತಿಯ ಹಲವು ನಾಯಿಗಳಲ್ಲಿ ಮೆದುಳಿಗೂ ಏರುತ್ತದೆ.

ಚುಕ್ಕಿಗೆ ಔಷಧ ಮುಗಿದ ಮೇಲೆ ಮತ್ತೊಮ್ಮೆ ಮಲ ಪರೀಕ್ಷಿಸಿ, ಕೋಶಗಳಿಲ್ಲವೆಂದು ಕಂಡ ಬಳಿಕವೂ ಮೂರು ವಾರ ಬರೆದಿಡಲು ವೈದ್ಯರು ಹೇಳಿದ್ದರು. ಹೊಸ ಊಟವನ್ನು ಹಳೆಯದರ ಜೊತೆ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಬದಲಿಸಿ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಹಾಕಿದೆವು. ಆ ಕ್ಯಾಲೆಂಡರಿನಲ್ಲಿ ‘ಕೊನೆಯದೂ ಗಟ್ಟಿ’ ಎಂಬ ಎರಡು ಪದಗಳು ಮೊದಲ ಸಲ ಬಂದದ್ದು ಹತ್ತನೆಯ ದಿನ, ಮತ್ತು ಅದೇ ವಾರ ತಕ್ಕಡಿಯ ಮುಳ್ಳು ಮುಂದಕ್ಕೆ ಸರಿದಿತ್ತು.