ನಂಗಲಿ ಗೇಟಿನಿಂದ ಜಿಪಿಎಸ್‌ವರೆಗೆ: ಕೋಲಾರದ ಲಾರಿ ಡ್ರೈವರ್‌ಗಳ ಬದಲಾದ ದುಡಿಮೆ

ಲಾರಿಯವರಿಗೆ ನಂಗಲಿ ಎಂದರೆ ಚೆಕ್‌ಪೋಸ್ಟು. ಮುಳಬಾಗಿಲು ದಾಟಿ, ಆಂಧ್ರದ ಗಡಿಗೆ ಸ್ವಲ್ಪ ಮುಂಚೆ, ಚೆನ್ನೈ ಹೆದ್ದಾರಿಯ ಪಕ್ಕ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಜಾಗ ಅದು. ಹೈದರಾಬಾದ್ ದಾರಿಯ ಬಾಗೇಪಲ್ಲಿಯಲ್ಲೂ ಇದೇ ಕಥೆ. ಬಿಲ್ಲು, ಪರ್ಮಿಟ್ಟು, ಆರ್‌ಸಿ, ಇನ್ಶೂರೆನ್ಸ್ ತುಂಬಿದ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಡ್ರೈವರ್ ಕಿಟಕಿ ಮುಂದೆ ನಿಲ್ಲಬೇಕು, ಸೀಲು ಬಿದ್ದ ಮೇಲೆ ಹೊರಡಬೇಕು. ಕೊಡಬೇಕಾದ ಮಾಮೂಲಿಯೂ ಟ್ರಿಪ್ಪಿನ ಖರ್ಚಿನಲ್ಲೇ ಸೇರಿರುತ್ತಿತ್ತು.

ಆ ಕಾಯುವಿಕೆ ಹಿಂಸೆಯೇ. ಆದರೂ ಅದೇ ಸಾಲಿನಲ್ಲಿ ಡ್ರೈವರ್ ಒಂದು ನಿದ್ದೆ ತೆಗೆಯುತ್ತಿದ್ದ, ಕ್ಲೀನರ್ ಸ್ಟೌ ಹಚ್ಚಿ ಅನ್ನಕ್ಕೆ ಇಡುತ್ತಿದ್ದ. ಯಾಕಪ್ಪಾ ತಡ ಎಂದು ಓನರ್ ಕೇಳಿದರೆ ‘ಗೇಟಲ್ಲಿ ನಿಲ್ಸಿದ್ರು ಅಣ್ಣ’ ಎಂದರೆ ಮಾತು ಮುಗಿಯುತ್ತಿತ್ತು. ಕಳೆದ ಹತ್ತು ವರ್ಷಗಳಲ್ಲಿ ತಂತ್ರಜ್ಞಾನ ಆ ಸಾಲನ್ನು ಅಳಿಸಿತು. ಸಾಲಿನ ಜೊತೆಗೆ ಹೋದ ವಿಶ್ರಾಂತಿಯನ್ನು ಬೇರೆ ರೂಪದಲ್ಲಿ ಮರಳಿಸುವ ಕೆಲಸ ಮಾತ್ರ ಯಾರಿಂದಲೂ ಆಗಿಲ್ಲ. ಲಾರಿ ಉಳಿಸಿದ ಹೊತ್ತೆಲ್ಲ ಮಾಲಿನ ಮಾಲೀಕನಿಗೆ, ಸಾಗಣೆ ಕಂಪನಿಗೆ ಹೋಯಿತು.

ಬದಲಾವಣೆ ಶುರುವಾದದ್ದು ಕಾಗದದಿಂದ. ಜಿಎಸ್‌ಟಿಗೆ ಮುಂಚಿನ ವ್ಯಾಟ್ ತೆರಿಗೆಯ ಕಾಲದಲ್ಲೇ ಕರ್ನಾಟಕದಲ್ಲಿ ಇ-ಸುಗಮ ಬಂದಿತ್ತು; ವ್ಯಾಪಾರಿ ಕಂಪ್ಯೂಟರಿನಲ್ಲಿ ನಂಬರು ಪಡೆದು ಲಾರಿಯ ಜೊತೆ ಕಳಿಸುತ್ತಿದ್ದ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ವಾಣಿಜ್ಯ ತೆರಿಗೆಯ ಗಡಿ ಗೇಟುಗಳ ಕಾಲ ಮುಗಿಯಿತು. 2018ರ ಏಪ್ರಿಲ್ 1ರಿಂದ, ಮಾಲು ಸಾಗಿಸಲು ಆನ್‌ಲೈನಿನಲ್ಲಿ ಪಡೆಯಬೇಕಾದ ಇ-ವೇ ಬಿಲ್ ಬಂತು. ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಮೊದಲು ಅಳವಡಿಸಿದ್ದು ಕರ್ನಾಟಕವೇ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ, ಟೋಲಿನಲ್ಲಿ ಚಿಲ್ಲರೆಗಾಗಿ ನಡೆಯುತ್ತಿದ್ದ ಜಗಳವೂ ನಿಂತಿತು. ಡ್ರೈವರ್‌ಗಳಿಗೆ ಇದರಿಂದ ನಿಜವಾದ ಲಾಭವಾಗಿದೆ. ಖರ್ಚಿಗೆಂದು ನೋಟಿನ ಕಟ್ಟು ಹೊತ್ತು ರಾತ್ರಿ ಹೆದ್ದಾರಿಯಲ್ಲಿ ಓಡಾಡುವ ಭಯ ಕಡಿಮೆಯಾಯಿತು. ಪೇಪರ್ ಸರಿಯಿಲ್ಲ ಎಂದು ಗಡಿಯಲ್ಲಿ ನಿಲ್ಲಿಸಿ ದುಡ್ಡು ಕೀಳುವ ಕೈಗಳೂ ಕಡಿಮೆಯಾದವು.

ಆದರೆ ಇ-ವೇ ಬಿಲ್ಲಿಗೆ ತನ್ನದೇ ಗಡಿಯಾರ ಇದೆ. ಮೊದಲು ದಿನಕ್ಕೆ 100 ಕಿಲೋಮೀಟರ್ ಲೆಕ್ಕದಲ್ಲಿ ಅವಧಿ ಕೊಡುತ್ತಿದ್ದರು. 2021ರ ಜನವರಿ 1ರಿಂದ ಅದು ದಿನಕ್ಕೆ 200 ಕಿಲೋಮೀಟರ್ ಆಯಿತು. ಅಂದರೆ ಅದೇ ದೂರಕ್ಕೆ ಸಿಗುವ ದಿನಗಳು ಅರ್ಧಕ್ಕಿಳಿದವು. ಅವಧಿ ವಿಸ್ತರಿಸಲು ಅವಕಾಶವಿದ್ದರೂ ಅದಕ್ಕೆ ಲಾಗಿನ್ ಬೇಕು, ಅದು ಆಫೀಸಿನವರ ಕೈಯಲ್ಲಿರುತ್ತದೆ. ನಡುರಾತ್ರಿ ಎಲ್ಲೋ ಆಕ್ಸಲ್ ಮುರಿದು ನಿಂತವನು ಮೆಕ್ಯಾನಿಕ್‌ನ ಜೊತೆಗೆ ಆಫೀಸಿನವರನ್ನೂ ಹುಡುಕಬೇಕು. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಂದ ಮಾಲು ತುಂಬಿಕೊಂಡು ಹೊರಡುವವರಿಗೆ ಈ ಗಡಿಯಾರದ ಒತ್ತಡ ಚೆನ್ನಾಗಿ ಗೊತ್ತು.

ಟೊಮೆಟೊ ಲಾರಿಯವರಿಗೆ ಇ-ವೇ ಬಿಲ್ ಬೇಕಿಲ್ಲ, ತಾಜಾ ತರಕಾರಿಗೆ ವಿನಾಯಿತಿ ಇದೆ. ಅವರ ಗಡಿಯಾರ ಹಣ್ಣಿನಲ್ಲೇ ಇರುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಹರಾಜು ಮುಗಿದು, 15 ಕೆಜಿಯ ಬಾಕ್ಸುಗಳು ಲಾರಿಗೇರಿ, ಹಗ್ಗ ಬಿಗಿಯುವ ಹೊತ್ತಿಗೇ ದೆಹಲಿಯ ವ್ಯಾಪಾರಿಯ ಫೋನು ಬಂದಿರುತ್ತದೆ. ದಾರಿ ಎರಡು ಸಾವಿರ ಕಿಲೋಮೀಟರ್ ಮೀರಿದ್ದು, ಹಣ್ಣು ಮೆತ್ತಗಾಗುವ ಮೊದಲು ಅಲ್ಲಿ ಇಳಿಯಬೇಕು. ಹಿಂದೆ ಹೊರಟ ಲಾರಿ ಎಲ್ಲಿದೆ ಎಂದು ಗೊತ್ತಾಗುತ್ತಿದ್ದುದು ಡ್ರೈವರ್ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ. ಮೊಬೈಲ್ ಬಂದ ಮೇಲೆ ಓನರ್ ಫೋನ್ ಮಾಡಿದಾಗ. ಈಗ ಯಾರೂ ಕೇಳಬೇಕಾಗಿಲ್ಲ. ಲಾರಿಗೆ ಕೂರಿಸಿದ ಜಿಪಿಎಸ್‌ನಿಂದ ಓನರ್‌ನ ಪರದೆಯ ಮೇಲೆ ಲಾರಿಯ ಗುರುತು ಚಲಿಸುತ್ತಲೇ ಇರುತ್ತದೆ, ಸ್ವಲ್ಪ ಹೊತ್ತು ನಿಂತರೆ ಫೋನು ಬರುತ್ತದೆ.

ಮಾಲೀಕರ ಆತಂಕವನ್ನು ಸುಳ್ಳು ಎನ್ನಲಾಗದು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದಾಗ, ಇಲ್ಲಿಂದ ಜೈಪುರಕ್ಕೆ ಹೊರಟ ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ಲಾರಿ ನಾಪತ್ತೆಯಾಗಿ ದೇಶದಾದ್ಯಂತ ಸುದ್ದಿಯಾಯಿತು. ಲಾರಿಗೆ ಜಿಪಿಎಸ್ ಇತ್ತು. ಡ್ರೈವರ್ ಗುಜರಾತಿಗೆ ಹೋಗಿ ಮಾಲು ಮಾರಿಕೊಂಡ ಎಂಬ ಆರೋಪ ಆಮೇಲೆ ಬಂತು. ಇಂಥ ಒಂದು ಪ್ರಕರಣ ಸಾಕು, ನೆಟ್ಟಗೆ ದುಡಿಯುವ ಸಾವಿರಾರು ಜನರೂ ಅನುಮಾನದ ನೆರಳಿಗೆ ಬರುತ್ತಾರೆ.

ಇನ್ನು ಸರ್ಕಾರದ ಕಡೆ ನೋಡಿದರೆ, 2018 ಮುಖ್ಯವಾದ ವರ್ಷ. ಬೇರೆ ರಾಜ್ಯಗಳಿಗೂ ಓಡುವ ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಡ್ರೈವರ್‌ಗಳು ಇರಬೇಕೆಂಬ ಷರತ್ತು ಮೋಟಾರು ವಾಹನ ನಿಯಮಗಳಲ್ಲಿತ್ತು. ಆ ವರ್ಷ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಕರಡು ಅಧಿಸೂಚನೆ ಆ ಷರತ್ತನ್ನು ಕೈಬಿಡುವ ಪ್ರಸ್ತಾವ ಮುಂದಿಟ್ಟಿತು. ಫಾಸ್ಟ್ಯಾಗ್ ಮತ್ತು ವಾಹನದ ಜಾಡು ಹಿಡಿಯುವ ಸಾಧನ ಕಡ್ಡಾಯ ಎಂಬ ಪ್ರಸ್ತಾವವೂ ಅದೇ ಕರಡಿನಲ್ಲಿತ್ತು. ಪಕ್ಕದ ಸೀಟಿನ ಮನುಷ್ಯನನ್ನು ಇಳಿಸಿ ಆ ಜಾಗದಲ್ಲಿ ಯಂತ್ರವನ್ನು ಕೂರಿಸುವ ಯೋಚನೆ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಬರಹಕ್ಕೆ ಇಳಿದದ್ದು ನನಗೆ ಕಂಡಿಲ್ಲ. ಇಬ್ಬರು ಡ್ರೈವರ್‌ಗಳ ನಿಯಮ ರಸ್ತೆಯ ಮೇಲೆ ಮೊದಲೂ ಸರಿಯಾಗಿ ಪಾಲನೆಯಾಗುತ್ತಿರಲಿಲ್ಲ ಎಂಬುದು ನಿಜ. ಆದರೆ ಕ್ಲೀನರ್ ಇರುತ್ತಿದ್ದ. ಚಕ್ರಕ್ಕೆ ಕಲ್ಲು ಕೊಟ್ಟು, ರಿವರ್ಸಿನಲ್ಲಿ ‘ಬರ್ಲಿ, ಬರ್ಲಿ’ ಎಂದು ಕೂಗಿ, ಡ್ರೈವರ್‌ಗೆ ತೂಕಡಿಕೆ ಬಂದಾಗ ಮಾತಾಡಿಸುತ್ತ ಎಚ್ಚರವಾಗಿಡುತ್ತಿದ್ದ ಹುಡುಗ ಅವನು. ಅವನೇ ಮುಂದೆ ಡ್ರೈವರ್ ಆಗುತ್ತಿದ್ದ. ಈಗ ಎಷ್ಟೋ ಲಾರಿಗಳು ಕ್ಲೀನರ್ ಇಲ್ಲದೆ ಓಡುತ್ತವೆ. ಡ್ರೈವರ್‌ಗಳ ಕೊರತೆ ಎಂದು ಓನರ್‌ಗಳು ಕೊರಗುವಾಗ, ಆ ಕೆಲಸ ಕಲಿಸುತ್ತಿದ್ದ ಶಾಲೆಯೇ ಮುಚ್ಚಿಹೋದದ್ದನ್ನು ನೆನಪಿಸಿಕೊಳ್ಳಬೇಕು.

ಲಾರಿಯೂ ಬದಲಾಯಿತು. 2020ರ ಏಪ್ರಿಲ್‌ನಿಂದ, ಹೊಗೆಯ ಮಾಲಿನ್ಯ ತಗ್ಗಿಸುವ ಬಿಎಸ್-6 ಎಂಜಿನ್ ಬಂದ ಮೇಲೆ ಡೀಸೆಲ್ ಟ್ಯಾಂಕಿನ ಪಕ್ಕ ಇನ್ನೊಂದು ಸಣ್ಣ ಟ್ಯಾಂಕು ಬಂತು. ಅದಕ್ಕೆ ಹಾಕುವುದನ್ನು ಡ್ರೈವರ್‌ಗಳು ಯೂರಿಯಾ ಎನ್ನುತ್ತಾರೆ. ಅದು ಮುಗಿಯುತ್ತಾ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಗಮನಿಸದೆ ಓಡಿಸಿದರೆ ಎಂಜಿನ್ ತಾನಾಗಿಯೇ ಶಕ್ತಿ ಇಳಿಸಿಕೊಂಡು, ತುಂಬಿದ ಲಾರಿ ಏರಿನಲ್ಲಿ ತೆವಳತೊಡಗುತ್ತದೆ. ಹಳೆಯ ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ ಡ್ರೈವರ್, ಈಗ ಸೆನ್ಸರ್ ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದು ಬರುವ ಮೆಕ್ಯಾನಿಕ್‌ಗೆ ಕಾಯುತ್ತಾ ಕೂರಬೇಕು.

ಕ್ಯಾಬಿನ್ನಿನ ವಿಷಯದಲ್ಲಂತೂ ತಂತ್ರಜ್ಞಾನ ತಲುಪಲು ಹಿಡಿದ ಕಾಲ ನೋಡಿದರೆ ಸಂಕಟವಾಗುತ್ತದೆ. ಕೋಲಾರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ಹೊಸಕೋಟೆಯಲ್ಲಿ ವೋಲ್ವೊ ಕಂಪನಿ 1998ರಿಂದ ಎಸಿ ಕ್ಯಾಬಿನ್ನಿನ ಲಾರಿ ತಯಾರಿಸುತ್ತಿದೆ. ಮಧ್ಯಮ ಮತ್ತು ಭಾರಿ ಲಾರಿಗಳಿಗೆಲ್ಲ ಎಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ, ಅದೂ ಆ ದಿನದ ನಂತರ ತಯಾರಾದ ಗಾಡಿಗಳಿಗೆ ಮಾತ್ರ. ಈಗಾಗಲೇ ರಸ್ತೆಯಲ್ಲಿರುವ ಹಳೆಯ ಲಾರಿಗಳ ಡ್ರೈವರ್‌ಗಳು ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ನಿನ ಕಾವಿನ ಪಕ್ಕ ಹಾಗೆಯೇ ಕೂತಿರುತ್ತಾರೆ.

ಲೋಡು ಹುಡುಕುವ ಕೆಲಸ ಮೊದಲು ಮಂಡಿ ಪಕ್ಕದ ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ನಡೆಯುತ್ತಿತ್ತು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಲ್ಯಾಕ್‌ಬಕ್‌ನಂಥ ಕಂಪನಿಗಳು ಅದನ್ನು ಮೊಬೈಲಿಗೆ ತಂದವು. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನಿಗೆ ರಿಟರ್ನ್ ಲೋಡು ಸಿಗುವುದು ಇದರಿಂದ ಸುಲಭವಾಗಿದೆ, ಖಾಲಿ ಬರುವ ನಷ್ಟ ತಪ್ಪುತ್ತದೆ. ಆದರೆ ಸಂಬಳಕ್ಕೆ ಓಡಿಸುವವನ ಪಾಲಿಗೆ, ರಿಟರ್ನ್ ಲೋಡಿಗಾಗಿ ಕಾಯುತ್ತ ಎರಡು ದಿನ ಕಾಲು ಚಾಚಿ ಮಲಗುತ್ತಿದ್ದ ಕಾಲ ಹೋಯಿತು.

ಕಾಯುವ ಕೆಲಸ ಪೂರ್ತಿ ನಿಂತಿದೆಯೇ? ಅದೂ ಇಲ್ಲ, ಜಾಗ ಬದಲಿಸಿದೆ. ಗಡಿಯಲ್ಲಿ ಉಳಿತಾಯವಾದ ಗಂಟೆಗಳನ್ನು ಈಗ ಫ್ಯಾಕ್ಟರಿ ಗೇಟು, ಗೋದಾಮಿನ ಅಂಗಳ ನುಂಗುತ್ತವೆ. ಟೋಕನ್ ನಂಬರು ಬರುವವರೆಗೆ ರಸ್ತೆಯ ಬದಿಯಲ್ಲಿ ನಿಲ್ಲಬೇಕು, ಯಾವಾಗ ಕರೆಯುತ್ತಾರೋ ತಿಳಿಯದೆ ನಿದ್ದೆ ಮಾಡುವಂತಿಲ್ಲ. ಶೌಚಾಲಯ ಕೇಳಿದರೆ ಸೆಕ್ಯೂರಿಟಿಯವರು ಹೊರಗೆ ಕೈ ತೋರಿಸುತ್ತಾರೆ.

ಕಾನೂನು ಏನು ಹೇಳುತ್ತಿತ್ತು? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಬರೆದಿದ್ದರು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದೂ ಇತ್ತು. ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾರಿ ಡ್ರೈವರ್‌ಗಳು ದಿನಕ್ಕೆ ಸರಾಸರಿ ಸುಮಾರು 12 ಗಂಟೆ ಓಡಿಸುತ್ತಾರೆ, ಹೆಚ್ಚುಕಡಿಮೆ ಅರ್ಧದಷ್ಟು ಜನ ದಣಿದಿದ್ದರೂ ಓಡಿಸುತ್ತಾರೆ ಎಂದು ಕಂಡುಬಂತು. ಒಬ್ಬ ಡ್ರೈವರ್ ಎಷ್ಟು ಗಂಟೆ ಓಡಿಸಿದ ಎಂದು ಸಾಬೀತು ಮಾಡುವುದು ಕಷ್ಟ ಎಂಬ ನೆಪ ಜಿಪಿಎಸ್ ಇಲ್ಲದ ಕಾಲಕ್ಕೆ ಸಲ್ಲುತ್ತಿತ್ತು. ಈಗ ಸಲ್ಲದು. ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಯಾವ ವೇಗದಲ್ಲಿ ಹೋದ, ಎಲ್ಲವೂ ದಾಖಲಾಗುತ್ತದೆ. ಯುರೋಪಿನಲ್ಲಿ ಇಂಥದೇ ಸಾಧನವನ್ನು ಡ್ರೈವರ್‌ನ ದುಡಿಮೆಯ ಗಂಟೆ ಅಳೆಯಲು ಬಳಸುತ್ತಾರೆ: ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮೀರುವಂತಿಲ್ಲ.

ನಮ್ಮಲ್ಲಿ ಅದೇ ಮಾಹಿತಿ ‘ಯಾಕೆ ನಿಲ್ಲಿಸಿದೆ’ ಎಂದು ಕೇಳಲು ಮಾತ್ರ ಬಳಕೆಯಾಗುತ್ತಿದೆ. ಸತತ ಐದು ಗಂಟೆ ಓಡಿದ ಲಾರಿಯ ಬಗ್ಗೆ ಓನರ್‌ನ ಮೊಬೈಲಿಗೆ ‘ಡ್ರೈವರ್‌ಗೆ ವಿಶ್ರಾಂತಿ ಕೊಡಿ’ ಎಂಬ ಸಂದೇಶ ಹೋಗುವಂತೆ ಮಾಡಲು ಹೊಸ ಯಂತ್ರವೇನೂ ಬೇಡ, ಒಂದು ಆದೇಶ ಸಾಕು. ಆ ಆದೇಶದ ಜೊತೆಗೆ ಲಾರಿ ನಿಲ್ಲಿಸಲು ಜಾಗವೂ ಬೇಕು. ನರಸಾಪುರದ ಫ್ಯಾಕ್ಟರಿಗಳ ಸುತ್ತ, ಕೋಲಾರದ ಮಂಡಿಯ ಪಕ್ಕ, ನೀರು, ಶೌಚಾಲಯ, ಮಲಗಲು ಮಂಚ ಇರುವ ಲಾರಿ ನಿಲ್ದಾಣಗಳನ್ನು ಮೊದಲು ಕಟ್ಟಬೇಕು.